ಗೋಣಿಚೀಲದ ಬೇಟೆಗಾರ

ತ್ಯಾವಣಿಗೆಯ ಮರುಳಪ್ಪನ ನಾಯಿ ಬಾಣ ಓಡಿದರೆ ಅದರ ನೆರಳು ಅರ್ಧ ಗಂಟೆ ತಡವಾಗಿ ಮನೆ ಸೇರುತ್ತಿತ್ತು. ಇದು ಸುಳ್ಳು ಎನ್ನುವವರು ಮರುಳಪ್ಪನನ್ನೇ ಕೇಳಬಹುದು. ಅವನು ಮುಕ್ಕಾಲು ಗಂಟೆ ಎನ್ನುತ್ತಾನೆ.

ಬಾಣನ ತಾಯಿ ಜಗಳೂರು ಕಡೆಯ ಕುರಿಗಾಹಿಯೊಬ್ಬನ ಮುಧೋಳ ನಾಯಿ. ತಂದೆ ನ್ಯಾಮತಿ ಬಸ್‌ಸ್ಟ್ಯಾಂಡಿನ ಬೀದಿನಾಯಿ. ಸಂಬಂಧ ಹೇಗೆ ಕುದುರಿತೆಂದು ಕೇಳಬೇಡಿ. ಕುರಿಹಿಂಡು ಆ ದಾರಿಯಲ್ಲಿ ಬಂದಿತ್ತು, ಅಷ್ಟೇ. ಉದ್ದ ಕಾಲು, ಸಣ್ಣ ಸೊಂಟ, ಓಡುವುದನ್ನು ಕಂಡರೆ ಬೆನ್ನಟ್ಟುವ ಕಣ್ಣು ತಾಯಿಯದು. ಅಡಗಿದ್ದನ್ನು ಹುಡುಕುವ ಮೂಗು, ಎಷ್ಟು ತಿಂದರೂ ತುಂಬದ ಹೊಟ್ಟೆ ತಂದೆಯದು. ಸಿಟ್ಟು ಮಾತ್ರ ಎರಡೂ ಕಡೆಯದಲ್ಲ, ಹೊಸ ಅಳಿಯನದು. ಗದರಿದರೆ ಗೋಡೆಗೆ ಮುಖ ಹಾಕಿ ಎರಡು ದಿನ ಮಲಗುತ್ತಿತ್ತು. ಅದೂ ಬರಿನೆಲದ ಮೇಲಲ್ಲ, ಮರುಳಪ್ಪನ ಹೆಂಡತಿ ದ್ಯಾಮಮ್ಮನ ಕೌದಿಯ ಮೇಲೆ.

ಒಂದು ದಿನ ಅದು ಗಡಿಗೆಯ ಬೆಣ್ಣೆಯನ್ನೆಲ್ಲ ನೆಕ್ಕಿ, ಮುಚ್ಚಳ ಮತ್ತೆ ಮುಚ್ಚಿಟ್ಟಿತು. ದ್ಯಾಮಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ರೀ, ಅಲ್ಲಿ ಹೊಲಕ್ಕೆ ಹಂದಿ ಬಂದು ಮೆಕ್ಕೆಜೋಳ ಮುಕ್ತಾವೆ, ಇಲ್ಲಿ ನಿಮ್ ಬಾಣ ಗೊರಕೆ ಹೊಡಿತೈತೆ. ಭಾನುವಾರ ಅದು ಹಂದಿ ಓಡಿಸ್ಬೇಕು. ಇಲ್ಲಾಂದ್ರೆ ನಮ್ಮಣ್ಣ ಬಂದು ಅದನ್ನ ನ್ಯಾಮತಿಗೆ ಕರ್ಕಂಡು ಹೋಗ್ತಾನೆ, ಅಷ್ಟೇ!"

"ಓಡಿಸ್ದೆ ಏನೇ? ಮೂರು ತಿಂಗ್ಳು ಟ್ರೇನಿಂಗ್ ಕೊಟ್ಟೀನಿ!" ಎಂದ ಮರುಳಪ್ಪ. ಮೊದಲ ತುತ್ತು ಬಾಣನಿಗೆ ಹಾಕಿ ಉಣ್ಣುವ ಅವನು ಅಂದು ಇಡೀ ರೊಟ್ಟಿಯನ್ನೇ ಅದರ ಮುಂದಿಟ್ಟ.

ಟ್ರೇನಿಂಗೇನೋ ನಿಜ. ದಿನಾ ಟಿವಿಎಸ್ ಗಾಡಿಯ ಹಿಂದೆ ಗೋಣಿಚೀಲ ಕಟ್ಟಿ, ನೀರಿನ ಚಾನಲ್ಲಿನ ಏರಿಯ ಮೇಲೆ ಎಳೆದುಕೊಂಡು ಹೋಗುತ್ತಿದ್ದ. ಬಾಣ ಅದನ್ನು ಹಿಡಿದು ಚಿಂದಿ ಮಾಡುತ್ತಿತ್ತು. ಮೂರು ತಿಂಗಳಲ್ಲಿ ತಾಲ್ಲೂಕಿನಲ್ಲಿ ಗೋಣಿಚೀಲಗಳೇ ಮುಗಿದುಹೋದವು. ಆದರೆ ನಾಯಿಗೆ ಹಂದಿ ತೋರಿಸುವುದನ್ನು ಮಾತ್ರ ಅವನು ಮರೆತಿದ್ದ.

ಭಾನುವಾರ ಹೊತ್ತು ಇಳಿಯುವ ಮೊದಲೇ ದ್ಯಾಮಮ್ಮನ ಅಣ್ಣ ಮಹೇಶ್ವರಪ್ಪ ತನ್ನ ಟಿವಿಎಸ್ ಏರಿ ಹೊಲಕ್ಕೇ ಬಂದ. ಗಂಡ ಹೆಂಡತಿ ಆಗಲೇ ಬಾಣನನ್ನು ಕರೆದುಕೊಂಡು ಬಂದು ಕಾಯುತ್ತಿದ್ದರು. ಎಮ್ಮೆಗಾತ್ರದ ಹಂದಿಯೊಂದು ಐದು ಮರಿಗಳೊಂದಿಗೆ ಜೋಳದ ಅಂಚಿಗೆ ಬಂದು, ನಿಂತಲ್ಲೇ ತೆನೆ ಕಡಿಯತೊಡಗಿತು. ಬಾಣ ಹಂದಿಯನ್ನು ನೋಡಿತು, ಹಂದಿ ಬಾಣನನ್ನು ನೋಡಿತು. ಬಾಣ ಆಕಳಿಸಿ, ಮಹೇಶ್ವರಪ್ಪ ಕೂರಲೆಂದು ಹಾಸಿದ್ದ ಟವೆಲ್ಲಿನ ಮೇಲೆ ಮಲಗಿತು.

"ಏನ್ ಭಾವ, ಹಂದಿಗೆ ಚೀಲ ಹೊಚ್ಚಾಕೆ ಮರ್ತ್ರೇನು?"

"ಸ್ವಲ್ಪ ತಡಿಯೋ, ಅದು ಯೋಚ್ನೆ ಮಾಡ್ತೈತೆ."

"ಯೋಚ್ನೆ ನ್ಯಾಮತಿಗೆ ಹೋಗಿ ಮಾಡ್ಲಿ. ಕರ್ಕಂಡು ಹೋಗಣ್ಣ," ಎಂದಳು ದ್ಯಾಮಮ್ಮ.

ಮರುಳಪ್ಪ ಬಾಣನ ತಲೆ ಸವರಿ ಬೇರೆ ಕಡೆ ಮುಖ ತಿರುಗಿಸಿದ. ನಾಯಿ ಕೂರಲೆಂದು ಮಹೇಶ್ವರಪ್ಪ ಹಿಂದಿನ ಸೀಟಿಗೆ ಒಂದು ಗೋಣಿಚೀಲ ಹಾಸಿ ಕಟ್ಟಿದ. ಗಾಡಿ ತಿರುಗಿಸಿಕೊಳ್ಳಲು ಸ್ಟಾರ್ಟ್ ಮಾಡಿದ್ದೇ ತಡ, ಚೀಲ ಜಾರಿ ಗಾಡಿಯ ಹಿಂದೆ ಮಣ್ಣಿನಲ್ಲಿ ಸರಸರ ತೆವಳತೊಡಗಿತು.

ಬಾಣನ ಕಿವಿ ನೆಟ್ಟಗಾದವು.

ಮುಂದಿನದನ್ನು ಕಂಡವರು ಮೂರೇ ಜನ, ಕಂಡೆ ಎನ್ನುವವರು ಮುನ್ನೂರು. ಬೆನ್ನ ಹಿಂದೆ ಹಲ್ಲು ಕಂಡ ಮಹೇಶ್ವರಪ್ಪ ಆಕ್ಸಿಲರೇಟರ್ ತಿರುವಿ, ದಾರಿ ಬಿಟ್ಟು, "ಅಯ್ಯಯ್ಯೋ ಭಾವಾ!" ಎಂದು ಕೂಗುತ್ತ ಮೆಕ್ಕೆಜೋಳಕ್ಕೇ ನುಗ್ಗಿದ. ಗಾಡಿಯ ಸದ್ದಿಗೆ ಹಂದಿ ಬೆದರಿ ಓಡಿತು. ಓಡಿದ್ದೇ ತಪ್ಪು! ಬಾಣನೊಳಗಿನ ತಾಯಿಯ ಕಣ್ಣು ತೆರೆಯಿತು. ಅದು ಚೀಲ ಬಿಟ್ಟು ಹಂದಿಯ ಹಿಂದೆ ಬಿತ್ತು. ಸಾಲುಗಳಲ್ಲಿ ಅಡಗಿದ ಮರಿಗಳನ್ನು ತಂದೆಯ ಮೂಗು ಹುಡುಕಿ ಎಬ್ಬಿಸಿತು. ಆರೂ ಹಂದಿಗಳು ಚಾನಲ್ ಹಾರಿ ಕಣ್ಮರೆಯಾದವು. ಹೊನ್ನಾಳಿ ತಲುಪಿ ಹೊಳೆಯಲ್ಲಿ ನೀರು ಕುಡಿದ ಮೇಲೆಯೇ ಹಿಂದಿರುಗಿ ನೋಡಿದವಂತೆ.

ತಲೆಯ ಮೇಲೆ ಜೋಳದ ಗರಿ ಹೊತ್ತು ಮಹೇಶ್ವರಪ್ಪ ಹೊರಬಂದ. "ದ್ಯಾಮಿ, ಈ ನಾಯಿ ನಂಗೆ ಬ್ಯಾಡ ತಾಯಿ. ನೀನೇ ಸಾಕ್ಕ."

ದ್ಯಾಮಮ್ಮ ನಕ್ಕು ನಕ್ಕು ಬದುವಿನ ಮೇಲೆ ಕುಸಿದಿದ್ದಳು. ನಾಲಿಗೆ ಚಾಚಿ ಬಂದ ಬಾಣ ಅವಳ ಮಡಿಲಿಗೇ ತಲೆ ಇಟ್ಟಿತು. ಅವಳು ತಳ್ಳಲಿಲ್ಲ.

ಈಗ ದಿನಾ ಸಂಜೆ ಮರುಳಪ್ಪ ಹೊಲದ ಸುತ್ತ ಗಾಡಿ ಓಡಿಸುತ್ತಾನೆ. ಹಿಂದೆ ಕೂತು ಚೀಲ ಎಳೆಯುವವಳು ದ್ಯಾಮಮ್ಮ. ಮೊನ್ನೆ ಹಾಲಿನ ಡೈರಿ ಮುಂದೆ ಅವಳು, "ನಮ್ ಬಾಣ ಒಂದೇ ಏಟಿಗೆ ಅರವತ್ತು ಹಂದಿ ಓಡಿಸ್ತು ಕಣ್ರಿ!" ಎನ್ನುತ್ತಿದ್ದಳು.

ಪಕ್ಕದಲ್ಲೇ ಇದ್ದ ಮರುಳಪ್ಪ ಜೀವಮಾನದಲ್ಲಿ ಮೊದಲ ಸಲ ನಾಚಿಕೊಂಡ.

"ಐವತ್ತು ಅನ್ನೇ," ಎಂದು ಪಿಸುಗುಟ್ಟಿದ, "ಜನ ನಂಬಂಗಿರ್ಬೇಕು."