ಗೋಡೆಯ ಕಡೆಗಿನ ಕುರ್ಚಿ

ಲೆಕ್ಕದ ಮೇಷ್ಟ್ರಿಗೆ ಆ ಹುಡುಗಿಯನ್ನು ಕಂಡರೆ ಆಗುತ್ತಿರಲಿಲ್ಲ. ಅದನ್ನವರು ಮುಚ್ಚಿಟ್ಟವರೂ ಅಲ್ಲ. ಕೂತಲ್ಲೇ ತೂಗಾಡುತ್ತಾಳೆ, ಪ್ರಶ್ನೆ ಕೇಳಿದರೆ ಕೇಳಿದವರ ಮುಖ ಬಿಟ್ಟು ಕಿಟಕಿಯ ಸರಳಿಗೆ ಉತ್ತರ ಹೇಳುತ್ತಾಳೆ, ಸಾಲದ್ದಕ್ಕೆ ಆ ಉತ್ತರ ಸರಿಯಾಗಿರುತ್ತದೆ. ಮೇಷ್ಟ್ರಾದರೂ ಎಷ್ಟು ದಿನ ಸಹಿಸಿಯಾರು? ಒಂದು ಬೆಳಿಗ್ಗೆ ಅವಳ ಬೆಂಚನ್ನು ದರದರ ಎಳೆದು, ತರಗತಿಯ ಹಿಂಬದಿಯ ಗೋಡೆಗೆ ಮುಖ ಮಾಡಿ ನಿಲ್ಲಿಸಿ, "ಇಲ್ಲೇ ಬಿದ್ದಿರು. ಗೋಡೆ ಜೊತೆ ಸಂಸಾರ ಮಾಡು," ಎಂದರು. ತರಗತಿ ಗೊಳ್ಳೆಂದು ನಕ್ಕಿತು. ಮಧ್ಯಾಹ್ನದೊಳಗೆ ಅವಳಿಗೆ ಗೋಡೆರಾಣಿ ಎಂಬ ಬಿರುದೂ ಬಂತು.

ಮೇಷ್ಟ್ರಿಗೆ ಕೊನೆಯವರೆಗೂ ತಿಳಿಯದೆ ಹೋದ ಸಂಗತಿಯೆಂದರೆ, ಗೋಡೆರಾಣಿಗೆ ಶಾಲೆಯಲ್ಲಿ ಮೊದಲ ಬಾರಿ ಉಸಿರಾಡಲು ಬಂದದ್ದೇ ಆವತ್ತು. ಗೋಡೆಗೆ ಹುಬ್ಬಿರಲಿಲ್ಲ. ಹಲ್ಲಿರಲಿಲ್ಲ. ಈಗ ನಕ್ಕು ಮರುಗಳಿಗೆ ಮುಖ ಗಂಟಿಕ್ಕುವ ಚಾಳಿಯಿರಲಿಲ್ಲ. ತಿಳಿಹಸಿರು ಬಣ್ಣ ಒಂದು ಕಡೆ ಎದ್ದುಹೋಗಿ ಒಂಟೆಯ ಆಕಾರವಾಗಿತ್ತು. ಆ ಒಂಟೆ ನಿನ್ನೆ ಎಲ್ಲಿತ್ತೋ ಇವತ್ತೂ ಅಲ್ಲೇ. ಮೇಷ್ಟ್ರ ಮುಖ ಕಾಣದಿದ್ದ ಮೇಲೆ ಅವರ ಮಾತು ಸ್ಪಷ್ಟವಾಗಿ ಕೇಳಿಸತೊಡಗಿತು. ಅಲ್ಲಿಯವರೆಗೆ ಬೆಲ್ಲಿಗೂ ಬೈಗುಳಕ್ಕೂ ನಡುವೆ ಸಿಕ್ಕಿ ನುಜ್ಜುಗುಜ್ಜಾಗುತ್ತಿದ್ದ ಬೀಜಗಣಿತ ಇಡಿಯಾಗಿ ತಲೆಗೆ ಹತ್ತಿತು. ಶಿಕ್ಷೆ ಮುಗಿಯಿತು ಬಾ ಎಂದು ಮೇಷ್ಟ್ರು ಮುಂದಕ್ಕೆ ಕರೆದರೆ, ಅವಳು ಡಸ್ಟರನ್ನು ಎಲ್ಲರೂ ನೋಡುವಂತೆ ಕಿಟಕಿಯಾಚೆ ಎಸೆದು ಮತ್ತೆ ಹಿಂದಕ್ಕೆ ಹೋಗಿ ಕೂರುತ್ತಿದ್ದಳು. "ಹಠಮಾರಿ ಮುಂಡೇದು," ಎಂದರು ಮೇಷ್ಟ್ರು. ಅಷ್ಟು ಮಟ್ಟಿಗೆ ಅವರ ಲೆಕ್ಕ ತಪ್ಪಿರಲಿಲ್ಲ.

ಆಮೇಲೆ ಒಳ್ಳೆಯ ಟೀಚರ್ ಬಂದರು.

ಹೊಸದಾಗಿ ಕೆಲಸಕ್ಕೆ ಸೇರಿದ್ದ ಅವರು ಬಾಗಿಲಲ್ಲೇ ನಿಂತು, ಗೋಡೆಗೆ ಮುಖ ಮಾಡಿದ ಎರಡು ಜಡೆಗಳನ್ನು ನೋಡಿ ಕಣ್ಣು ತುಂಬಿಕೊಂಡರು. "ಅಯ್ಯೋ ಕಂದಾ, ಯಾರು ನಿನ್ನನ್ನ ಹೀಗೆ ಕೂರಿಸಿದ್ದು?" ಎಂದು ಕೈಹಿಡಿದು ಕರೆತಂದು ಮೊದಲ ಸಾಲಿನ ನಟ್ಟನಡುವೆ ಕೂರಿಸಿದರು. ಅವಳಿಗಾಗಿಯೇ ಒಂದು ಗೆಳೆಯರ ಬಳಗ ಕಟ್ಟಿದರು. ಬಳಗದವರು ಸರದಿಯ ಮೇಲೆ ಅವಳ ಪಕ್ಕ ಕೂತು ಅವಳತ್ತ ನಗಬೇಕು. ಅವಳು ಅವರ ಕಣ್ಣಲ್ಲಿ ಕಣ್ಣಿಟ್ಟು ನಮಸ್ಕಾರ ಹೇಳಬೇಕು. ಹೇಳಿದಾಗಲೆಲ್ಲ ತರಗತಿ ಚಪ್ಪಾಳೆ ತಟ್ಟಬೇಕು. "ಟೀಚರ್, ನನಗೆ ಗೋಡೆ ಬೇಕು," ಎಂದಳು ಅವಳು. ಟೀಚರ್ ಇನ್ನಷ್ಟು ಅತ್ತರು.

ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಉಳಿದ ವಿಷಯಗಳನ್ನು ಅವಳು ಹೇಗೋ ದಾಟಿದಳು. ಲೆಕ್ಕದ ದಿನ ಟೀಚರ್ ಅವಳನ್ನು ವೇದಿಕೆಯ ಎದುರಿಗೇ ಕೂರಿಸಿ, ಕಣ್ಣು ತಪ್ಪಿಸದೆ ನೋಡಿ ಹುರಿದುಂಬಿಸಿದರು. ಅವಳು ಖಾಲಿ ಹಾಳೆ ಕೊಟ್ಟು ಎದ್ದು ಹೋದಳು. ಮತ್ತೆ ಶಾಲೆಯ ಕಡೆ ತಲೆಹಾಕಲಿಲ್ಲ. ಯಾವ ವಿಷಯವನ್ನು ಗೋಡೆಯಿಂದ ಕಲಿತಿದ್ದಳೋ ಅದೇ ಬಾಕಿ ಉಳಿಯಿತು.

ಈಗ ಅವಳು ದೊಡ್ಡ ಲಾಂಡ್ರಿಯೊಂದರಲ್ಲಿ ಇಸ್ತ್ರಿ ರೋಲರ್ ನೋಡಿಕೊಳ್ಳುತ್ತಾಳೆ. ಆಸ್ಪತ್ರೆಗಳ ಹಾಸುಬಟ್ಟೆ ಒದ್ದೆಯಾಗಿ ಬರುತ್ತದೆ. ಎರಡು ಮೂಲೆ ಹಿಡಿದು ಕೊಡವಿ, ಅಂಚು ನೇರ ಮಾಡಿ, ಬಿಸಿ ಉರುಳೆಯ ಬಾಯಿಗೆ ಕೊಟ್ಟರೆ ಆಚೆ ಕಡೆ ಹಪ್ಪಳದಂತೆ ಹೊರಬೀಳುತ್ತದೆ. ಒಗೆಯುವ ಡ್ರಮ್ಮುಗಳು ಎಡಬಿಡದೆ ದಬದಬ ಎನ್ನುತ್ತಿರುತ್ತವೆ. ಸದ್ದಿಗೆ ಹೆದರುವ ಹುಡುಗಿ ಇಲ್ಲಿ ಹೇಗಿರುತ್ತಾಳೋ ಎಂದು ಅವಳ ಅಕ್ಕ ಮೊದಮೊದಲು ಒದ್ದಾಡಿದ್ದುಂಟು. ಆದರೆ ಡ್ರಮ್ಮು ಹೇಳಿದ್ದನ್ನೇ ಹೇಳುತ್ತದೆ, ಮನುಷ್ಯರ ಹಾಗೆ ಮಾತು ಬದಲಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ರೋಲರ್ ಗೋಡೆಗೆ ಮುಖ ಮಾಡಿ ನಿಂತಿದೆ. ಉಳಿದವರು ಆ ಜಾಗಕ್ಕೆ ಜೈಲು ಎನ್ನುತ್ತಾರೆ. ಅವಳು ಅದನ್ನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಹಾಗಿರುವಾಗ ಮಾಲೀಕರು ಒಂದು ದಿನ ತಲೆ ಕೆರೆಯುತ್ತ ಬಂದರು.

"ನನ್ನ ಕೈಲೇನೂ ಇಲ್ಲಮ್ಮ. ಆಸ್ಪತ್ರೆಯವರು ಹೊಸ ಷರತ್ತು ಹಾಕಿದಾರೆ. ಬಿಸಿ ಯಂತ್ರದ ಹತ್ರ ನಿಲ್ಲೋರು ಹತ್ತನೇ ಕ್ಲಾಸ್ ಪಾಸಾಗಿರ್ಬೇಕಂತೆ. ನಿಂದೊಂದು ಲೆಕ್ಕ ಬಾಕಿ ಅಲ್ವಾ, ಈ ಸಲ ಕಟ್ಬಿಡು. ಆಗ್ಲಿಲ್ವೋ, ಯೋಚ್ನೆ ಮಾಡ್ಬೇಡ, ಮುಂದಿನ ಕೌಂಟರ್‌ಗೆ ಹಾಕ್ತೀನಿ. ಆರಾಮ ಕೆಲಸ. ಜನ ಬರ್ತಾರೆ, ನಗ್ತಾ ಮಾತಾಡ್ಸೋದು, ಬಟ್ಟೆ ಕೊಡೋದು."

ಜನ ಬರುತ್ತಾರೆ, ನಗುತ್ತ ಮಾತಾಡಿಸಬೇಕು. ಒಳ್ಳೆಯ ಟೀಚರ ಬಳಗಕ್ಕೆ ಸಂಬಳ ಸೇರಿಸಿದರೆ ಅದೇ ಕೌಂಟರ್. ಅವಳು ಮನೆಗೆ ಬಂದವಳೇ ಹಳೆಯ ಲೆಕ್ಕದ ಪುಸ್ತಕ ಹುಡುಕಿದಳು.

"ಸಹಾಯ ಕೊಡ್ತಾರಂತೆ ಕಣೇ ಈಗೆಲ್ಲ," ಎಂದಳು ಅಕ್ಕ. "ಆಟಿಸಂ ಇರೋರ್ಗೆ ಅಂತಾನೇ ಒಂದು ಬೆಂಬಲ ಕೇಂದ್ರ ಇದೆಯಂತೆ."

ಆಟಿಸಂ ಎಂಬ ಮಾತು ಆ ಮನೆಗೆ ಬಂದದ್ದು ಈಚೆಗೆ. ಅವಳಿಗೆ ಮೂವತ್ತು ದಾಟಿದ ಮೇಲೆ ಡಾಕ್ಟರೊಬ್ಬರು ಹೇಳಿದ್ದರು. "ಮಾತ್ರೆ ಇದೆಯಾ?" ಎಂದು ಅಕ್ಕ ಕೇಳಿದ್ದಳು. ಇಲ್ಲ ಎಂದಿದ್ದರು. "ಮತ್ತೆ ಯಾಕೆ ಸುಮ್ನೆ ಹೆಸರಿಡ್ತೀರಿ?" ಎಂದು ಅಕ್ಕ ಮುನಿಸಿಕೊಂಡು ಹೊರಗೆ ಬಂದಿದ್ದಳು. ತಂಗಿ ಮಾತ್ರ ದಾರಿಯುದ್ದಕ್ಕೂ ಖುಷಿಯಾಗಿದ್ದಳು. ಅಲ್ಲಿಯವರೆಗೆ ಅವಳಿಗೆ ಬಿದ್ದ ಹೆಸರುಗಳಲ್ಲಿ ಬೈಗುಳವಲ್ಲದ್ದು ಅದೊಂದೇ.

ಬೆಂಬಲ ಕೇಂದ್ರದಲ್ಲಿ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಯುವಕನೊಬ್ಬ ಅವರಿಬ್ಬರನ್ನೂ ಕೂರಿಸಿದ.

"ಪರೀಕ್ಷೆ ಇಲ್ಲೇ ಬರೀಬಹುದು ಮೇಡಂ, ಬೋರ್ಡಿನವರು ಒಪ್ಪಿದಾರೆ. ನಿಮಗೆ ಪ್ರತ್ಯೇಕ ರೂಮ್ ಕೊಡ್ತೀವಿ. ಹೆಚ್ಚಿಗೆ ಟೈಮ್ ಕೊಡ್ತೀವಿ. ಉತ್ತರ ಬರೆಯೋಕೆ ಒಬ್ಬರನ್ನ ಕೊಡ್ತೀವಿ."

"ಬರೆಯೋಕೆ ನನಗೆ ಕೈ ಇದೆ."

"ಇರ್ಲಿ ಮೇಡಂ, ಎಲ್ಲರಿಗೂ ಕೊಡ್ತೀವಿ."

"ನನಗೆ ಬೇಕಾಗಿರೋದು ಗೋಡೆ. ಗೋಡೆಗೆ ಮುಖ ಮಾಡಿರೋ ಒಂದು ಕುರ್ಚಿ."

ಯುವಕನ ನಗು ಅರ್ಧಕ್ಕೇ ನಿಂತಿತು. ಅವನು ತಿರುಗಿ ತನ್ನ ಹಿಂದಿದ್ದ ದೊಡ್ಡ ಚಿತ್ರವನ್ನು ನೋಡಿದ. ಅವಳೂ ನೋಡಿದಳು. ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕೂತ ಪುಟ್ಟ ಹುಡುಗಿ, ಎರಡು ಜಡೆ, ಒಂದಕ್ಕೆ ಮಾತ್ರ ಕೆಂಪು ರಿಬ್ಬನ್. ಕೆಳಗೆ ದಪ್ಪಕ್ಷರದಲ್ಲಿ: ಇನ್ನು ಯಾವ ಮಗುವೂ ಗೋಡೆ ನೋಡುತ್ತ ಕೂರದಿರಲಿ.

"ನಾನು ನಿರ್ದೇಶಕರನ್ನೇ ಕರೀತೀನಿ," ಎಂದು ಅವನು ಎದ್ದ.

ಬಂದವರ ಕೂದಲು ನರೆತಿತ್ತು. ಕಣ್ಣು ಮಾತ್ರ ಮೊದಲಿನ ಹಾಗೆಯೇ, ಯಾವ ಕ್ಷಣದಲ್ಲಾದರೂ ತುಂಬಿಕೊಳ್ಳಲು ತಯಾರಾಗಿತ್ತು. ಅಕ್ಕ ಗುರುತು ಹಿಡಿದು ಬಾಯಿ ತೆರೆದಳು. ತಂಗಿ ಮೇಜಿನ ಕೆಳಗೆ ಅವಳ ಕಾಲು ಮೆಟ್ಟಿದಳು. ಒಳ್ಳೆಯ ಟೀಚರಿಗೆ ಗುರುತು ಸಿಗಲಿಲ್ಲ. ಅವರು ಚಿತ್ರದ ಕಡೆ ಕೈ ತೋರಿಸಿ, ನೂರಾರು ಸಭೆಗಳಲ್ಲಿ ಹೇಳಿ ಹೇಳಿ ನುಣುಪಾದ ಧಾಟಿಯಲ್ಲಿ ಶುರುಮಾಡಿದರು.

"ಈ ಹುಡುಗಿ ಕಲ್ಪನೆಯಲ್ಲಮ್ಮ, ನಿಜವಾಗ್ಲೂ ಇದ್ಲು. ನನ್ನ ಮೊದಲ ಶಾಲೆ. ಕಲ್ಲೆದೆಯ ಮೇಷ್ಟ್ರೊಬ್ಬ ಅವಳನ್ನ ಗೋಡೆಗೆ ಕೂರಿಸಿದ್ದ. ನಾನು ಕೈಹಿಡಿದು ಬೆಳಕಿಗೆ ಕರ್ಕೊಂಡು ಬಂದೆ. ಅವಳಿಂದಾನೇ ಈ ಕೇಂದ್ರ ಹುಟ್ಟಿದ್ದು."

"ಆಮೇಲೆ?" ಎಂದಳು ಅವಳು.

"ಆಮೇಲೆ ಹೂವಿನ ಹಾಗೆ ಅರಳಿದ್ಲು."

"ಎಲ್ಲಿ?"

"ಎಲ್ಲಿ ಅಂದ್ರೆ?"

"ಎಲ್ಲಿ ಅರಳಿದ್ದು? ನೀವು ನೋಡಿದ್ರಾ?"

ಇಂಥ ಪ್ರಶ್ನೆಯನ್ನು ಯಾವ ಸಭೆಯಲ್ಲೂ ಯಾರೂ ಕೇಳಿರಲಿಲ್ಲ. ಟೀಚರ್ ತಡವರಿಸಿ, "ಎಲ್ಲಿದ್ರೂ ಚೆನ್ನಾಗೇ ಇರ್ತಾಳೆ," ಎಂದರು.

"ರಿಬ್ಬನ್ ಕೆಂಪಲ್ಲ ಟೀಚರ್. ನೀಲಿ."

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಟೀಚರ್ ಓಡಿಬಂದು ಅವಳನ್ನು ಬಿಗಿಯಾಗಿ ಅಪ್ಪಿಕೊಂಡರು. ಅವಳು ಹಲಗೆಯ ಹಾಗೆ ನಿಂತು ಅಪ್ಪುಗೆ ಮುಗಿಯಲೆಂದು ಕಾದಳು. ಮುಗಿದ ಮೇಲೆ ತನಗೆ ಬೇಕಾದ್ದನ್ನು ಮತ್ತೊಮ್ಮೆ ಹೇಳಿದಳು.

"ಬೇಡ ಕಂದಾ," ಎಂದರು ಟೀಚರ್, ಕಣ್ಣೊರೆಸಿಕೊಳ್ಳುತ್ತ. "ಅದು ಆ ಮನುಷ್ಯ ಮಾಡಿದ ಗಾಯ ಮಾತಾಡ್ತಿರೋದು, ನೀನಲ್ಲ. ನನ್ನ ಕೇಂದ್ರದಲ್ಲಿ ಯಾರನ್ನೂ ಗೋಡೆಗೆ ಕೂರಿಸಲ್ಲ. ನಿನ್ನ ಪರೀಕ್ಷೆ ನಾನೇ ನಿಂತು ಮಾಡಿಸ್ತೀನಿ. ಎಷ್ಟು ಪ್ರೀತಿಯಿಂದ ನೋಡ್ಕೋತೀವಿ ನೋಡು."

ಅವಳು ಬಾಗಿಲ ಕಡೆ ನಡೆದಳು.

ಹೊರಗೆ ಬರುತ್ತಲೇ ಅಕ್ಕ ಗೊಣಗಿದಳು: "ಪಾಪ, ಅಷ್ಟು ಆಸೆಪಡ್ತಾರೆ. ಒಂದಿನ ಅವರ ಮುಖ ನೋಡ್ಕೊಂಡು ಬರ್ದುಬಿಡ್ಬಾರ್ದಾ?"

"ಹೋದ ಸಲ ಅದನ್ನೇ ಮಾಡಿದ್ದು. ಮುಖ ನೋಡಿದೆ. ಬರೀಲಿಲ್ಲ."

ಪರೀಕ್ಷೆಯ ಕೋಣೆಯಲ್ಲಿ ಪ್ರೀತಿ ಧಾರಾಳವಾಗಿತ್ತು. ಹಳದಿ ಪರದೆ, ಹೂದಾನಿ, ನಟ್ಟನಡುವೆ ಒಂದು ದುಂಡುಮೇಜು. ಮೇಜಿನ ಆಚೆ ಬದಿಯಲ್ಲಿ ಉತ್ತರ ಬರೆದುಕೊಡಲು ಬಂದ ಕಾಲೇಜು ಹುಡುಗಿ. ನಗುತ್ತಲೇ ಇರಬೇಕೆಂದು ಅವಳಿಗೆ ಮೊದಲೇ ಹೇಳಿಟ್ಟಿದ್ದರೆಂದು ಕಾಣುತ್ತದೆ, ನಕ್ಕು ನಕ್ಕು ಕೆನ್ನೆ ನಡುಗುತ್ತಿತ್ತು. ಪಕ್ಕದಲ್ಲಿ ಕೈಕಟ್ಟಿ ನಿಂತ ಒಳ್ಳೆಯ ಟೀಚರ್. ಬಾಗಿಲಲ್ಲಿ ಕೇಂದ್ರದ ಫೋಟೋಗ್ರಾಫರ್. ಪ್ರಶ್ನೆಪತ್ರಿಕೆ ಕೈಗೆ ಬಂತು. ಅವಳು ಮೊದಲ ಪ್ರಶ್ನೆ ಓದಿದಳು. ಹುಡುಗಿ ನಕ್ಕಳು. ಮತ್ತೆ ಓದಿದಳು. ಟೀಚರ್ ತಲೆಯಾಡಿಸಿ ಧೈರ್ಯ ತುಂಬಿದರು. ಮೂರನೆಯ ಸಲ ಓದುವಷ್ಟರಲ್ಲಿ ಅಂಕಿಗಳು ಒದ್ದೆ ಹಾಸುಬಟ್ಟೆಯಂತೆ ಒಂದಕ್ಕೊಂದು ಸುತ್ತಿಕೊಂಡವು.

ಅವಳು ಎದ್ದು ನಿಂತಳು. ಕಾಲು ತಾನಾಗಿ ಬಾಗಿಲ ಕಡೆ ತಿರುಗಿತು; ಅದಕ್ಕೆ ಹಳೆಯ ದಾರಿ ಚೆನ್ನಾಗಿ ನೆನಪಿತ್ತು. ಬಾಗಿಲಾಚೆ ಲಾಂಡ್ರಿಯ ಕೌಂಟರ್ ಕಣ್ಣಿಗೆ ಕಟ್ಟಿತು, ಕೌಂಟರಿನಾಚೆ ಸಾಲುಗಟ್ಟಿದ ಮುಖಗಳು. ಈ ಕೋಣೆಯ ಎಡಗಡೆಗಿದ್ದದ್ದು ಗೋಡೆ. ಸಾದಾ ಬಿಳಿ ಗೋಡೆ, ಒಂದು ಮೊಳೆ ಬಿಟ್ಟರೆ ಏನೂ ಇಲ್ಲ.

ಅವಳು ಮೇಜಿನ ಅಂಚು ಹಿಡಿದು ಎಳೆದಳು. ಹೂದಾನಿ ಉರುಳಿತು. ದರದರ ಎಂಬ ಆ ಸದ್ದು ಅವಳಿಗೆ ಗೊತ್ತಿತ್ತು: ಲೆಕ್ಕದ ಮೇಷ್ಟ್ರು ಬೆಂಚು ಎಳೆದ ಸದ್ದು ಅದೇ. ಈ ಸಲ ಎಳೆಯುತ್ತಿದ್ದ ಕೈ ಮಾತ್ರ ಅವಳದು.

"ಕಂದಾ! ಬೇಡ!" ಟೀಚರ್ ಅಡ್ಡಬಂದರು. "ನಿನ್ನನ್ನ ಹಾಗೆ ನೋಡೋಕೆ ನನ್ನ ಕೈಲಿ ಆಗಲ್ಲ."

"ನೋಡ್ಬೇಡಿ."

"ನೋಡಿದವರು ಏನಂದ್ಕೋತಾರೆ? ನಾವೇ ಶಿಕ್ಷೆ ಕೊಟ್ವಿ ಅಂತ."

"ನೋಡೋರನ್ನ ಹೊರಗೆ ಕಳ್ಸಿ. ಪರೀಕ್ಷೆ ನಂದು ಟೀಚರ್, ಫೋಟೋದ್ದಲ್ಲ." ಅವಳು ಮೇಜನ್ನು ಗೋಡೆಗೆ ತಾಗಿಸಿ ಕುರ್ಚಿ ಎಳೆದುಕೊಂಡಳು. "ಆವತ್ತು ನಿಮಗೆ ಹೇಳಿದ್ದೆ, ಗೋಡೆ ಬೇಕು ಅಂತ. ನೀವು ಅತ್ರಿ. ಇವತ್ತೂ ಹೇಳಿದೀನಿ. ಬೇಕಿದ್ರೆ ಅಳಿ, ಆದ್ರೆ ಹೊರಗೆ. ಒಳಗೆ ಸದ್ದಾಗುತ್ತೆ."

ಫೋಟೋಗ್ರಾಫರ್ ಯಾರೂ ಹೇಳದೆ ಮಾಯವಾದ. ಕಾಲೇಜು ಹುಡುಗಿ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ಕೇಳಿದಳು: "ಅಕ್ಕಾ, ನಾನೀಗ ಏನ್ಮಾಡ್ಲಿ?"

"ಆ ಕಡೆ ಇನ್ನೊಂದು ಗೋಡೆ ಇದೆ ನೋಡು. ಚೆನ್ನಾಗಿದೆ."

ಹುಡುಗಿ ನಿಜವಾಗಿಯೂ ಹೋಗಿ ಅತ್ತ ತಿರುಗಿ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಅವಳ ಭುಜ ಸಡಿಲವಾಯಿತು.

ಗೋಡೆರಾಣಿ ಪ್ರಶ್ನೆ ಓದಿದಳು. ತೂಗಾಡಿದಳು. ಕುರ್ಚಿ ಕಿರುಗುಟ್ಟಿತು, ಕಿರುಗುಟ್ಟಲಿ ಎಂದು ಬಿಟ್ಟಳು. ಅಂಕಿಗಳು ಕೊಡವಿದ ಬಟ್ಟೆಯ ಹಾಗೆ ಅಂಚು ಬಿಡಿಸಿಕೊಂಡು ನೇರವಾದವು. ಒಂದಾದ ಮೇಲೊಂದನ್ನು ಹಿಡಿದು ಹಾಳೆಗೆ ಕೊಟ್ಟಳು. ಕೆಲವು ತಪ್ಪಿದವು. ಪರವಾಗಿಲ್ಲ, ತಪ್ಪುವ ಹಕ್ಕೂ ಅವಳದೇ.

ಹೊರಗೆ ಬಂದಾಗ ಒಳ್ಳೆಯ ಟೀಚರ್ ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು.

"ನಾನು ನಿಂಗೆ ಒಳ್ಳೇದಾಗ್ಲಿ ಅಂತ್ಲೇ ಮಾಡಿದ್ದು," ಎಂದರು.

"ಗೊತ್ತು. ಮೇಷ್ಟ್ರು ಕೆಟ್ಟದಾಗ್ಲಿ ಅಂತ ಮಾಡಿದ್ರು. ನನ್ನನ್ನ ಒಂದು ಮಾತು ಕೇಳ್ದೆ ಮಾಡಿದ್ದು ಮಾತ್ರ ಇಬ್ಬರೂ."

ಟೀಚರ್ ಈ ಸಲ ಅಳಲಿಲ್ಲ. ಅದು ಅವರಿಗೆ ಸುಲಭವಲ್ಲವೆಂದು ಅವಳಿಗೆ ಗೊತ್ತಿದ್ದುದರಿಂದ, ತಾನಾಗಿ ಪಕ್ಕದಲ್ಲಿ ಕೂತಳು, ಸ್ವಲ್ಪ ಜಾಗ ಬಿಟ್ಟು.

"ನಮ್ಮ ಮುಂದಿನ ತರಬೇತಿಯಲ್ಲಿ ಇದನ್ನೂ ಸೇರಿಸಿ ಹೇಳ್ಲಾ?" ಎಂದು ಕೇಳಿದರು ಟೀಚರ್, ಕೊನೆಗೆ.

ಅದು ಅವರು ಅವಳನ್ನು ಕೇಳಿದ ಮೊದಲ ನಿಜವಾದ ಪ್ರಶ್ನೆ. ಅವಳು ಯೋಚಿಸಿ ಉತ್ತರ ಕೊಟ್ಟಳು.

"ಬೇಡ. ಕತೆ ನಂದು. ನನ್ನನ್ನ ಕರೀರಿ, ನಾನೇ ಹೇಳ್ತೀನಿ."

ಲೆಕ್ಕ ಪಾಸಾಯಿತು. ಅಂಕ ಹೇಳಿಕೊಳ್ಳುವಂಥದ್ದೇನಲ್ಲ, ಆದರೆ ರೋಲರಿಗೆ ಅಷ್ಟು ಸಾಕಿತ್ತು. ಕೌಂಟರಿಗೆ ಮಾಲೀಕರು ತಮ್ಮ ಭಾವಮೈದುನನನ್ನು ಹಾಕಿಕೊಂಡರು. ಅವನು ಯಾರಿಗೂ ನಗುವುದಿಲ್ಲವೆಂದು ದೂರುಗಳಿವೆ.

ತರಬೇತಿಗೂ ಅವಳು ಹೋದಳು. ಸಭಾಂಗಣದ ತುಂಬ ಶಿಕ್ಷಕರು. ಅವಳು ವೇದಿಕೆ ಹತ್ತಿ, ಮೈಕನ್ನು ಎರಡೂ ಕೈಯಲ್ಲಿ ಎತ್ತಿ ಹಿಂದಕ್ಕೆ ತಿರುಗಿಸಿಟ್ಟು, ಸಭೆಗೆ ಬೆನ್ನು ಮಾಡಿ ಗೋಡೆಯ ಎದುರು ಕೂತಳು.

"ಮೇಡಂ, ನಿಮ್ಮ ಮುಖ ಕಾಣಿಸ್ತಿಲ್ಲ," ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಕೇಳಿಸ್ತಿದೆಯಲ್ಲ," ಎಂದಳು ಅವಳು. "ಅಷ್ಟು ಸಾಕು. ಶುರು ಮಾಡ್ತೀನಿ."