ಉಗುರುಬಣ್ಣದ ಚುಕ್ಕಿ

ಕೀಲಿಯ ಮೇಲಿನ ಉಗುರುಬಣ್ಣ ಇನ್ನೂ ಹಸಿಯಾಗಿದೆ, ಮುಟ್ಟಬಾರದು, ಮುಟ್ಟಿದರೆ ಬೆರಳಚ್ಚು ಮೂಡುತ್ತದೆ — ಮೂಡಲಿ ಬಿಡು ಅಂದುಕೊಂಡರೂ ಅವಳು ಕೈ ಹಿಂದಕ್ಕೆಳೆದುಕೊಂಡಳು, ಬಣ್ಣ ಬಳಿದದ್ದು ಅವಳೇ ಆದರೂ ಆ ಚುಕ್ಕಿ ಅವಳದ್ದಲ್ಲವಲ್ಲ, ಗಂಡನ ಮೊದಲ ಹೆಂಡತಿಯದ್ದು, ಆಕೆ ತೀರಿಹೋಗಿ ನಾಲ್ಕು ವರ್ಷವಾದರೂ ಮನೆ ತುಂಬ ಆಕೆಯ ಕೆಂಪು ಚುಕ್ಕಿಗಳೇ, ಮುಂಬಾಗಿಲ ಕೀಲಿಗೊಂದು, ಸಾಲು ಸ್ವಿಚ್ಚುಗಳಲ್ಲಿ ಫ್ಯಾನಿನದು ಯಾವುದೆಂದು ತಡಕಾಡದಂತೆ ಅದಕ್ಕೊಂದು, ಒಲೆಯ ಗುಂಡಿ ಎಲ್ಲಿ ನಿಂತರೆ ಸಣ್ಣ ಉರಿಯೋ ಅಲ್ಲೊಂದು, ಡಬ್ಬಕ್ಕೂ ಅದರ ಮುಚ್ಚಳಕ್ಕೂ ಜೋಡಿ ಜೋಡಿ — ಜಾಣೆ ಕಣೇ ನೀನು, ಎಂದು ಕಣ್ಣಾರೆ ಕಾಣದ ಆಕೆಗೆ ಈ ಮೂರು ತಿಂಗಳಲ್ಲಿ ಎಷ್ಟು ಸಲ ಹೇಳಿದ್ದಾಳೋ, ಐವತ್ತರ ಹತ್ತಿರ ಮದುವೆಯಾಗಿ ಬಂದವಳಿಗೆ ಮನೆ ತೋರಿಸಿಕೊಟ್ಟದ್ದು ಗಂಡನೇನಲ್ಲ, ಅವರಿಗೆ ಗಡಿಯಾರ ರಿಪೇರಿ ಬಿಟ್ಟರೆ ಬೇರೆ ಲೋಕವಿಲ್ಲ, ಸಕ್ಕರೆ ಎಲ್ಲಿದೆ ಅಂದರೆ ಮನೇಲೇ ಇರ್ಬೇಕು ನೋಡು ಅನ್ನುವ ಆಸಾಮಿ, ಎಲ್ಲ ಹೇಳಿಕೊಟ್ಟದ್ದು ಈ ಚುಕ್ಕಿಗಳೇ, ಅವಳೋ ಔಷಧಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಬಾಟಲಿಗೆ ಚೀಟಿ ಅಂಟಿಸಿದವಳು, ಗುರುತು ಕಂಡರೆ ಎರಡನೇ ಮಾತಿಲ್ಲದೆ ನಂಬುವವಳು, ಹಾಯಾಗಿತ್ತು, ಯಾರನ್ನೂ ಕೇಳುವ ಗೋಜಿಲ್ಲ, ಬೆಳಗ್ಗೆ ಕಣ್ಣು ಅರ್ಧ ಮುಚ್ಚಿಕೊಂಡೇ ಅರ್ಧ ಕೆಲಸ ಮುಗಿಯುತ್ತಿತ್ತು. ಆದರೆ ಇವತ್ತು ಮಗಳು ಬರುತ್ತಾಳೆ, ಆಕೆಯ ಮಗಳು, ಹಲ್ಲಿನ ಡಾಕ್ಟರು, ಮದುವೆಯ ದಿನ ಹಲ್ಲು ಕಾಣದಂತೆ ನಕ್ಕು ಹೋದವಳು ಮತ್ತೆ ಬರುತ್ತಿರುವುದು ಇದೇ ಮೊದಲು, ಫೋನಿನಲ್ಲಿ ಹೇಗಿದ್ದೀರಿ, ಅಪ್ಪಂಗೆ ಕೊಡ್ತೀರಾ, ಅಷ್ಟೇ, ಅಮ್ಮ ಅನ್ನಬೇಕೆಂಬ ಆಸೆಯಿಲ್ಲ, ಚಿಕ್ಕಮ್ಮ ಅಂದರೆ ಸಾಕಿತ್ತು, ಅದೂ ಇಲ್ಲ, ಬರೀ ನೀವು, ಕರೆಯಲು ಒಂದು ಮಾತೂ ಇಲ್ಲದವಳು ಈ ಮನೆಗೆ ಏನಾಗಬೇಕು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ, ಅಂಥದ್ದರಲ್ಲಿ ಕೀಲಿಯ ಚುಕ್ಕಿ ಸವೆದಿದೆಯೆಂದು ಅದೇ ಕೆಂಪು ಹುಡುಕಿ ತಂದು ಇವತ್ತೇ ಬಳಿಯಬೇಕಿತ್ತೇ, ನಮ್ಮಮ್ಮನ ಗುರುತಿಗೂ ಕೈ ಹಾಕಿದಳು ಅಂದುಬಿಟ್ಟರೆ —

ಬಾಗಿಲ ಗಂಟೆ, ಚಪ್ಪಲಿ ಬಿಟ್ಟ ಸದ್ದು, ಹುಡುಗಿ ನೇರ ಅಡುಗೆಮನೆಗೇ ಬಂದು ನಿಂತಳು, ಕೀಲಿ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆಯೇ ಬಿದ್ದಿದೆ, ಏನು ಮಾಡಲೂ ತೋಚದೆ ಅವಳು ಕೆಂಪು ಚುಕ್ಕಿಯಿದ್ದ ಲೋಟದಲ್ಲಿ ಆ ಚುಕ್ಕಿಯವರೆಗೆ ನೀರು ಹಿಡಿದು ಕುಕ್ಕರಿಗೆ ಸುರಿದಳು, ಏನ್ ಮಾಡ್ತಿದ್ದೀರ, ಅನ್ನಕ್ಕೆ ನೀರು, ನಿಮ್ಮಮ್ಮನ ಅಳತೆನೇ, ಆ ಲೋಟ ಎಲ್ಲಿ ಸಿಕ್ತು, ಸಿಂಕಿನ ಕೆಳಗಿತ್ತು, ಚೆನ್ನಾಗಿ ತೊಳ್ಕೊಂಡೇ ಇಟ್ಕೊಂಡೆ — ಅಯ್ಯಯ್ಯೋ, ಅದು ಬಟ್ಟೆ ಸೋಪಿನ ಪುಡಿ ಲೋಟ! ಮೂರು ತಿಂಗಳಿಂದ ಇದರಲ್ಲೇನಾ, ಅನ್ನ ಮುದ್ದೆಯಾಗಲ್ವಾ, ಆಗುತ್ತೆ, ನಿಮ್ಮನೆ ರೂಢಿ ಅಂದ್ಕೊಂಡೆ, ಅಪ್ಪಾ, ನೀನೂ ಏನೂ ಹೇಳ್ಲಿಲ್ವಾ, ಒಳಕೋಣೆಯಿಂದ ಗಡಿಯಾರದವರ ದನಿ, ನಾನು ಅವಳ ಕೈಗುಣ ಅಂದ್ಕೊಂಡೆ ಕಣಮ್ಮ, ಹಲ್ಲಿಗೂ ಸುಖವಾಗಿತ್ತು — ಹುಡುಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ, ಎಲ್ಲ ಹಲ್ಲೂ ಕಾಣುವಂತೆ, ಅವಳಿಗೂ ನಗು ತಡೆಯಲಾಗಲಿಲ್ಲ, ನಾಚಿಕೆಯೂ ಸಂತೋಷವೂ ಒಟ್ಟಿಗೇ ನುಗ್ಗಿ ಬಂದು ಕಣ್ಣಲ್ಲಿ ನೀರು, ಅಷ್ಟರಲ್ಲಿ ನಗು ನಿಂತಿತು, ಹುಡುಗಿಯ ಕಣ್ಣು ಕೀಲಿಯ ಮೇಲಿದೆ, ಇದು ಹೊಸದಲ್ವಾ, ಹೂಂ, ಸವೆದುಹೋಗಿತ್ತು, ಅದಕ್ಕೇ, ಅದೇ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತಿದೆ, ಬೇಡ ಅಂದ್ರೆ ಒರೆಸಿಬಿಡ್ತೀನಿ, ಹುಡುಗಿ ಚೀಲಕ್ಕೆ ಕೈ ಹಾಕಿ ತಡಕಿ ಕೀಲಿಗೊಂಚಲೊಂದನ್ನು ತೆಗೆದಳು, ಆಸ್ಪತ್ರೆಯದು, ಬಾಡಿಗೆ ಮನೆಯದು, ಈ ಮನೆಯದು, ಎಲ್ಲ ಒಂದೇ ಥರದ ಹಿತ್ತಾಳೆ, ಒಂದನ್ನು ಬಿಡಿಸಿ ಮೇಜಿನ ಮೇಲಿಟ್ಟು, ನನ್ನದೂ ಸವೆದುಹೋಗಿದೆ, ಇಲ್ಲಿಗೆ ಬಂದಾಗೆಲ್ಲ ಹುಡುಕೋ ಹಾಗಾಗುತ್ತೆ, ಇದಕ್ಕೂ ಒಂದು ಇಡಿ ಚಿಕ್ಕಮ್ಮ — ಏನಂದಳು, ಮತ್ತೊಮ್ಮೆ ಹೇಳು ಅನ್ನಲಾದೀತೇ, ಬಾಟಲಿಯ ಮುಚ್ಚಳ ತಿರುಗಿಸಿದಳು, ಕುಂಚದ ತುದಿ ತಾಗಿತು, ಕೆಂಪಗೆ, ಗುಂಡಗೆ, ಸ್ವಲ್ಪ ಒತ್ತಟ್ಟಿಗೆ ಜಾರಿದ ಚುಕ್ಕಿ, ಹಸಿಯಾಗಿದೆ, ಮುಟ್ಟಬಾರದು.