ನಲವತ್ತೊಂದನೆಯ ಆಟ

ವೆಂಕಟರಾಮು ಟಿವಿಯ ಸದ್ದು ಅಡಗಿಸಿದನೆಂದರೆ ಮೀಟಿಂಗು ಶುರುವಾಯಿತೆಂದೇ ಅರ್ಥ. ಆದರೆ ಎರಡು ಸಾವಿರದ ಎಂಟರ ನವೆಂಬರಿನ ಆ ಭಾನುವಾರ ಮಧ್ಯಾಹ್ನ, ಡೆಟ್ರಾಯಿಟ್ ಹೊರವಲಯದ ರಾಚೆಸ್ಟರ್ ಹಿಲ್ಸ್‌ನ ಅವನ ಬೇಸ್‌ಮೆಂಟಿನಲ್ಲಿ ಟಿವಿ ಬಾಯಿ ಮುಚ್ಚಿದ ಕೂಡಲೇ ಸತ್ಯ ಬಾಯಿ ತೆರೆದ.

"ಈ ವರ್ಷ ಮುಳುಗಲಿ ಬಿಡಿ. ಪೂರ್ತಿ ಮುಳುಗಿದ್ರೇನೇ ಜೂನ್ ಡ್ರಾಫ್ಟಲ್ಲಿ ಮೇಲಿನ ಪಿಕ್ ಸಿಗೋದು. ಓಕ್ಲಹೋಮಾ ಕಾಲೇಜಲ್ಲಿ ಒಬ್ಬ ಹುಡುಗ ಇದಾನೆ, ಬಂಡೆ ಇದ್ದಂಗೆ. ಅವನು ಬಂದ್ರೆ ಹತ್ತು ವರ್ಷ ಚಿಂತೆ ಇಲ್ಲ." ತಂಡಗಳು ಹೊಸ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವ ಆ ಡ್ರಾಫ್ಟಿನಲ್ಲಿ ಹೆಚ್ಚು ಸೋತವರಿಗೆ ಮುಂಚಿನ ಸರದಿ.

"ಮುಳುಗಾಕೂ ಪುಣ್ಯ ಬೇಕಪಾ," ಎಂದ ಸಂಗನಬಸಪ್ಪ. ಬಾಗಲಕೋಟೆ ಬಿಟ್ಟು ಇಪ್ಪತ್ತು ವರ್ಷವಾಗಿದ್ದರೂ ಅವನ ಮಾತು ಊರು ಬಿಟ್ಟಿರಲಿಲ್ಲ. "ನಮ್ಮವ್ರು ಪೂರಾ ಮುಳುಗೂದಿಲ್ಲ, ಪೂರಾ ತೇಲೂದಿಲ್ಲ. ಹದಿನೈದನೇದೋ ಹದಿನಾರನೇದೋ ಸಿಕ್ತದ. ಅದರಾಗ ಏನ್ ಬರ್ತದ? ಬೆಂಚ್ ಕಾಯೋ ಹುಡುಗ."

ಹಿಂದಿನ ಸೋಮವಾರ ಡೆಟ್ರಾಯಿಟ್ ಪಿಸ್ಟನ್ಸ್ ಬಾಸ್ಕೆಟ್‌ಬಾಲ್ ತಂಡ ತನ್ನ ಕ್ಯಾಪ್ಟನ್ನನ್ನು ಡೆನ್ವರ್ ತಂಡಕ್ಕೆ ಕೊಟ್ಟು, ಅಲ್ಲಿಂದ ಇನ್ನೊಬ್ಬ ದೊಡ್ಡ ಹೆಸರಿನವನನ್ನು ತಂದುಕೊಂಡಿತ್ತು. ಕೊಟ್ಟದ್ದು ಆರು ವರ್ಷ ಇಲ್ಲಿ ಆಡಿದವನನ್ನು, ಎರಡು ಸಾವಿರದ ನಾಲ್ಕರಲ್ಲಿ ಕಪ್ ಗೆದ್ದುಕೊಟ್ಟವನನ್ನು. ಮಾರನೆಯ ದಿನ ದೇಶ ಹೊಸ ಅಧ್ಯಕ್ಷನನ್ನು ಆರಿಸಿತ್ತು; ಈ ಬೇಸ್‌ಮೆಂಟಿಗೆ ಮಾತ್ರ ಅದು ಆ ವಾರದ ಎರಡನೆಯ ಸುದ್ದಿ.

ಗುಲ್‌ಶನ್ ಮೆಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೋಟು ಬಿಚ್ಚದೆ ಕೂತಿದ್ದಳು. ಆ ಕುರ್ಚಿ ನಿಜಕ್ಕೂ ಅವಳ ಗಂಡ ನಜೀರನದು. ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದು ಜೂನಿನಲ್ಲಿ ಅವನನ್ನು ಮನೆಗೆ ಕಳಿಸಿತ್ತು. ಆಗಸ್ಟಿನಿಂದ ಅವನು ಷಿಕಾಗೋ ಬಳಿಯ ಡೆಸ್ ಪ್ಲೇನ್ಸ್‌ನಲ್ಲಿ, ವಿಮಾನ ನಿಲ್ದಾಣದ ಪಕ್ಕದ ಕಾರ್ಗೋ ಆಫೀಸಿನಲ್ಲಿದ್ದ. ಎರಡು ವಾರಕ್ಕೊಮ್ಮೆ ಶುಕ್ರವಾರ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಮನೆಗೆ ಬರುವನು, ಭಾನುವಾರ ಹೊರಡುವನು. ಗುಲ್‌ಶನ್ ಇಲ್ಲೇ ಕನ್ನಡಕದ ಅಂಗಡಿಯ ಹಿಂಭಾಗದಲ್ಲಿ ಗಾಜು ಉಜ್ಜುವ ಕೆಲಸ ಮಾಡಿಕೊಂಡು, ಹನ್ನೊಂದರ ಮಗಳು ಲೈಬಾಳ ಜೊತೆ ಇದ್ದಳು.

ಈ ನಾಲ್ಕು ಮನೆಯವರು ಸೇರಿ ಪಿಸ್ಟನ್ಸ್ ಆಟಗಳಿಗೆ ವರ್ಷಪೂರ್ತಿ ಎರಡು ಸೀಟು ಹಿಡಿದಿದ್ದರು. ಒಂದು ವರ್ಷಕ್ಕೆ ಊರಲ್ಲಿ ನಲವತ್ತೊಂದು ಆಟ. ಯಾರಿಗೆ ಯಾವುದು ಎಂದು ಹಂಚಿಕೊಳ್ಳಲು ಪ್ರತಿ ಅಕ್ಟೋಬರಿನಲ್ಲಿ ಅವರದೇ ಒಂದು ಡ್ರಾಫ್ಟು ನಡೆಯುತ್ತಿತ್ತು. ಚೀಟಿ ಎತ್ತಿ ಸರದಿ ಗೊತ್ತುಮಾಡಿ, ಸುತ್ತಿನ ಮೇಲೆ ಸುತ್ತು ಆರಿಸುವುದು. ಬಾಸ್ಟನ್, ಷಿಕಾಗೋ ಮೇಲಿನ ಆಟಗಳು ಮೊದಲೇ ಹಾರಿಹೋಗುತ್ತಿದ್ದವು. ಈ ಸಲ ನಜೀರನ ಬದಲು ಗುಲ್‌ಶನ್ ಬಂದಿದ್ದಳು, ಕೊನೆಯ ಚೀಟಿ ಎತ್ತಿದ್ದಳು. ಹತ್ತತ್ತು ಹಂಚಿ ಮುಗಿದ ಮೇಲೆ ಒಂದು ಆಟ ಯಾರಿಗೂ ಬೇಡವಾಗಿ ಉಳಿದಿತ್ತು: ಮಾರ್ಚ್ ತಿಂಗಳು, ಮಂಗಳವಾರ, ಡೆನ್ವರ್ ಮೇಲೆ. "ಅದನ್ನ ನೀವೇ ಇಟ್ಕೊಳಿ, ಕೊಸರು ಅಂತ," ಎಂದು ವೆಂಕಟರಾಮು ನಕ್ಕಿದ್ದ. ಎಲ್ಲರೂ ನಕ್ಕಿದ್ದರು, ಅವಳೂ ಕೂಡ.

ಆ ಕೊಸರಿನ ಆಟಕ್ಕೇ ಈಗ ಕ್ಯಾಪ್ಟನ್ ಬರುವವನಿದ್ದ, ಎದುರಾಳಿಯಾಗಿ. ಆ ವರ್ಷ ಡೆನ್ವರ್ ಇಲ್ಲಿಗೆ ಬರುವುದು ಅದೊಂದೇ ಸಲ.

ವೆಂಕಟರಾಮು ಗಂಟಲು ಸರಿಮಾಡಿಕೊಂಡ. ಕೆಟ್ಟವನೇನಲ್ಲ, ಯಾರದೇ ಮನೆ ಬದಲಿಸುವುದಿದ್ದರೂ ಟ್ರಕ್ಕಿನ ಹಿಂದೆ ಮೊದಲು ನಿಲ್ಲುವವನು ಅವನೇ. ಆದರೆ ಮೈಸೂರಿನ ಮೆತ್ತಗಿನ ದನಿಯಲ್ಲಿ ಎಲ್ಲವನ್ನೂ ತನ್ನ ಕಡೆ ತಿರುಗಿಸಿಕೊಳ್ಳುವುದು ಅವನಿಗೆ ಹುಟ್ಟಿನಿಂದ ಬಂದ ವಿದ್ಯೆ.

"ನೋಡಿ ಗುಲ್‌ಶನ್, ಟ್ರೇಡ್ ಆದ್ಮೇಲೆ ಪರಿಸ್ಥಿತಿನೇ ಬದಲಾಗಿದೆ. ಅಕ್ಟೋಬರಲ್ಲಿ ನಾವು ಆರಿಸಿದ್ದು ಬೇರೆ ಸೀಸನ್ನು. ಅದಕ್ಕೇ ಉಳಿದ ಆಟಗಳನ್ನ ಇನ್ನೊಂದ್ಸಲ ಹಂಚಿಕೊಳೋಣ ಅಂತ. ಚೀಟಿ ಹೊಸದಾಗಿ ಎತ್ತೋಣ. ನಜೀರ್‌ಗೆ ಫೋನ್ ಮಾಡಿದ್ದೆ, ಅವ್ರು ಓಕೆ ಅಂದಿದಾರೆ."

ಗುಲ್‌ಶನ್‌ಗೆ ಇದು ಹೊಸದು. ಬೆಳಿಗ್ಗೆ ಮಾತಾಡಿದಾಗ ನಜೀರ್ ಈ ಸುದ್ದಿಯೇ ಎತ್ತಿರಲಿಲ್ಲ.

"ಎರಡು ಸಾವಿರದ ಮೂರರಾಗ ನಮ್ಮವರಿಗೆ ಡ್ರಾಫ್ಟಿನಾಗ ಎರಡನೇ ಪಿಕ್ ಇತ್ತು," ಎಂದಳು. ಮೂವರೂ ತಿರುಗಿ ನೋಡಿದರು. "ಯುರೋಪಿನ ಹದಿನೆಂಟರ ಹುಡುಗನ್ನ ತಗೊಂಡ್ರು. ಅವ ಬೆಂಚಿನ ಮ್ಯಾಲ ಕುಂತ. ಅವನ ಹಿಂದ ಮೂರನೇದು, ನಾಕನೇದು, ಐದನೇದು ಹೋದವ್ರೆಲ್ಲ ಸ್ಟಾರ್ ಆದ್ರು. ಆವಾಗ ನಮ್ಮವ್ರು ಹೋಗಿ, ಪರಿಸ್ಥಿತಿ ಬದಲಾಗೇತಿ, ಇನ್ನೊಮ್ಮೆ ಹಂಚ್ರಿ ಅಂದ್ರೇನು?"

ಸಂಗನಬಸಪ್ಪನಿಗೆ ನಗು ತಡೆಯಲಾಗಲಿಲ್ಲ. "ಹೊಡದ್ಲು ನೋಡು," ಎಂದು ತೊಡೆ ತಟ್ಟಿಕೊಂಡ.

"ಅದು ಎನ್‌ಬಿಎ, ಇದು ಫ್ರೆಂಡ್ಸು," ಎಂದ ಸತ್ಯ.

"ಫ್ರೆಂಡ್ಸ್ ಕೊಟ್ಟ ಕೊಸರು ತಿರುಗಿ ಕೇಳೂದುಂಟೇನ್ರಿ? ಗದಗಿನ ಸಂತ್ಯಾಗ ಕಾಯಿಪಲ್ಯ ಮಾರಾಕಿನೂ ಚೀಲಕ್ಕ ಹಾಕಿದ್ದು ತಿರುಗಿ ತಗೊಳೂದಿಲ್ಲ."

ವೆಂಕಟರಾಮು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. ದನಿ ಇನ್ನೂ ಮೆತ್ತಗಾಯಿತು. "ಸರಿ, ನೇರವಾಗೇ ಹೇಳ್ತೀನಿ. ನಮ್ಮ ಕಂಪನಿ ವೈಸ್ ಪ್ರೆಸಿಡೆಂಟ್‌ಗೆ ಈ ಕ್ಯಾಪ್ಟನ್ ಅಂದ್ರೆ ಪ್ರಾಣ. ಆವತ್ತು ಅವ್ರನ್ನ ಕರ್ಕೊಂಡು ಹೋದ್ರೆ ಎರಡೂವರೆ ಗಂಟೆ ನನ್ನ ಪಕ್ಕದಲ್ಲೇ ಕೂತಿರ್ತಾರೆ. ಏಪ್ರಿಲಲ್ಲಿ ಕ್ವಾಲಿಟಿ ವಿಭಾಗದಲ್ಲಿ ಒಂದು ಓಪನಿಂಗ್ ಬರತ್ತೆ. ನಜೀರ್ ಹೆಸರು ಹೇಳೋಕೆ ಅದಕ್ಕಿಂತ ಒಳ್ಳೆ ಟೈಮ್ ಎಲ್ಲಿ ಸಿಗತ್ತೆ, ಹೇಳಿ?"

ಗುಲ್‌ಶನ್‌ಗೆ ಗಂಡ ಬೇಕಾಗಿದ್ದ. ವಾರಕ್ಕೊಮ್ಮೆ ಅವನ ಅಂಗಿಗಳಿಗೆ ಸುಮ್ಮಸುಮ್ಮನೆ ಇಸ್ತ್ರಿ ಹಾಕುವಷ್ಟು ಬೇಕಾಗಿದ್ದ. ಇದನ್ನೇ ವೆಂಕಟರಾಮು ಮೊದಲೇ ಹೇಳಿದ್ದರೆ, ಅವಳೊಬ್ಬಳಿಗೇ ಹೇಳಿದ್ದರೆ, ಬಹುಶಃ ಅಲ್ಲೇ ಪರ್ಸು ತೆರೆದು ಟಿಕೆಟ್ ಕೊಟ್ಟುಬಿಡುತ್ತಿದ್ದಳು. ಈಗ ನಾಲ್ಕು ಜನರ ನಡುವೆ ತನ್ನ ಗಂಡನ ಕೆಲಸವನ್ನು ತಟ್ಟೆಯಲ್ಲಿಟ್ಟು ಮುಂದೆ ಚಾಚಿದಂತಾಗಿ ಅವಳಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು.

ವೆಂಕಟರಾಮು ಅಷ್ಟಕ್ಕೇ ಬಿಡದೆ ಫೋನು ಒತ್ತಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ.

"ಗುಲ್‌ಶನ್," ಎಂದಿತು ನಜೀರನ ದನಿ, "ರಾಮು ಅವರು ಹೇಳಿದಂಗ ಕೊಟ್ಬಿಡು. ಒಂದು ಆಟದ ಮಾತು."

"ಬರೇ ಒಂದು ಆಟ ಆದ್ರ ಅವರ್ಯಾಕ ಬಿಡವಲ್ರು?"

ಅತ್ತ ಕಡೆ ಒಂದು ವಿಮಾನ ಇಳಿಯುವ ಸದ್ದು ಕೇಳಿತು.

ಗುಲ್‌ಶನ್ ಎದ್ದು ನಿಂತಳು. "ಆ ಮನಷ್ಯಾ ಇಲ್ಲಿಗೆ ಬರೂಕಿಂತ ಮೊದ್ಲ ಐದು ಟೀಮು ಅವನ್ನ ಬ್ಯಾಡ ಅಂದಿದ್ವು. ಇಲ್ಲಿ ಬಂದು ನಿಂತ, ಗೆದ್ದ. ಈಗ ಹೋಗ್ತಾನ ಅಂದ್ರ ಯಾರೂ ಹೋಗಿ ಬಾ ಅನ್ಲಿಲ್ಲ. ನೀವು ಮೂವರೂ ಒಂದು ತಾಸಿನಿಂದ ಜೂನಿನ ಹುಡುಗೂರ ಉದ್ದ ಅಗಲ ಅಳ್ಯಾಕ ಹತ್ತೀರಿ. ಅವ ಬಂದ ದಿನ ನಾ ಎದ್ದು ನಿಂತು ಚಪ್ಪಾಳೆ ಹೊಡೀಬೇಕು. ನನಗ ಅಷ್ಟ ಬೇಕಾಗೇತಿ." ಫೋನಿನ ಕಡೆಗೆ ನೋಡದೆ ವೆಂಕಟರಾಮುವಿಗೇ ಹೇಳಿದಳು: "ಕೆಲಸ ಕೊಡಸೂದಿದ್ರ ನಾಳೆ ಆಫೀಸಿನಾಗ ಹೇಳಿ ಕೊಡಸ್ರಿ, ಸಾಯೂತನಕ ನೆನಸ್ತೀನಿ. ಪಾಪ್‌ಕಾರ್ನ್ ತಿನ್ಕೋಂತ ನನ್ನ ಗಂಡನ ಹೆಸರು ಹೇಳೂದು ಬ್ಯಾಡ."

ಅವಳು ಮೆಟ್ಟಿಲು ಹತ್ತಿದಳು. ಹಿಂದಿನಿಂದ ಸಂಗನಬಸಪ್ಪ, "ಚಾ ಆದ್ರೂ ಕುಡ್ದು ಹೋಗ ತಂಗಿ," ಎಂದದ್ದು ಕೇಳಿಸಿತು, ನಿಲ್ಲಲಿಲ್ಲ.

ಕಾರಿನಲ್ಲಿ ಕೂತು ಕೀಲಿ ತಿರುಗಿಸುವುದರೊಳಗೆ ನಜೀರನ ಫೋನು. ಗಂಡ ಹೆಂಡತಿ ಮನೆಯಲ್ಲಿ ಆಡುವುದು ಉರ್ದು. ಜಗಳಕ್ಕೆ ಮಾತ್ರ, ಲೈಬಾಗೆ ತಿಳಿಯದಿರಲೆಂದು ಕನ್ನಡ. ಈಗ ಲೈಬಾ ಹತ್ತಿರದಲ್ಲಿ ಇಲ್ಲದಿದ್ದರೂ ನಜೀರ್ ಕನ್ನಡದಲ್ಲೇ ಶುರುಮಾಡಿದ. "ನಿನಗ ಆಟ ದೊಡ್ಡದಾತು, ನಾ ಸಣ್ಣವ ಆದೆ."

"ನೀವು ಸಣ್ಣವ್ರು ಆಗಬಾರದಂತನ ಹೇಳಿದ್ದು."

"ಇಲ್ಲಿ ಒಬ್ಬನ ಅಡಿಗಿ ಮಾಡ್ಕೊಂಡು ಉಣ್ಣಾಂವ ನಾನು. ನೀ ಅಲ್ಲ."

ಅವಳು ಕೀಲಿ ತಿರುಗಿಸಿ ಹೀಟರ್ ಹಾಕಿದಳು. ಅವನೇ ಮತ್ತೆ ಕೇಳಿದ, "ಯಾವ ವಾರ ಬರ್ತದ ಅದು?"

"ಮಂಗಳವಾರ."

"ಮಂಗಳವಾರ ಅಂದ್ರ ನಾ ರಜಾ ಹಾಕಬೇಕಾಗ್ತದ."

"ನಿಮ್ಮನ್ಯಾರು ಕರೆದ್ರು? ಲೈಬಾನ್ನ ಕರ್ಕೊಂಡು ಹೊಂಟೀನಿ," ಎಂದು ಫೋನಿಟ್ಟಳು.

ಆ ಚಳಿಗಾಲ ಡೆಟ್ರಾಯಿಟಿನ ಸುತ್ತ ಕಂಪನಿಗಳು ಒಂದೊಂದಾಗಿ ದೀಪ ಆರಿಸಿದವು. ಫೆಬ್ರವರಿಯಲ್ಲಿ ವೆಂಕಟರಾಮುವಿನ ಕಂಪನಿ ಆ ಕ್ವಾಲಿಟಿ ವಿಭಾಗವನ್ನೇ ಮುಚ್ಚಿತು. ಅವನಿಗೇ ವಾರಕ್ಕೆ ನಾಲ್ಕು ದಿನದ ಕೆಲಸವಾಯಿತು. ಟಿಕೆಟ್ ಕೊಟ್ಟಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಸಂಗನಬಸಪ್ಪ ಫೋನು ಮಾಡಿ ಸಮಾಧಾನ ಹೇಳಿದ. ಆದರೂ ಹಿಮ ಜಾಸ್ತಿಯಾಗಿ ನಜೀರ್ ಬಾರದ ಶುಕ್ರವಾರಗಳಲ್ಲಿ ಗುಲ್‌ಶನ್‌ಗೆ ತಾನು ತಪ್ಪು ಮಾಡಿದೆನೇನೋ ಅನ್ನಿಸುತ್ತಿತ್ತು. ಅನ್ನಿಸಿದರೂ ಟಿಕೆಟ್ಟನ್ನು ಯಾರಿಗೂ ಕೊಡಲಿಲ್ಲ. ವೆಂಕಟರಾಮು ಮತ್ತೆ ಕೇಳಲೂ ಇಲ್ಲ.

ಮಾರ್ಚಿನ ಆ ಮಂಗಳವಾರ ಸಂಜೆ ಅವಳು ಲೈಬಾಳನ್ನು ಹತ್ತಿಸಿಕೊಂಡು ಹೊರಟಾಗ ನಜೀರ್ ಫೋನು ಮಾಡಿದ. ಈ ಸಲ ಉರ್ದುವಿನಲ್ಲಿ. ಗೇಟಿನ ಹತ್ತಿರ ಪಾರ್ಕ್ ಮಾಡಬೇಡ, ಹೊರಗೆ ಬರಲು ಒಂದು ಗಂಟೆ ಹಿಡಿಯುತ್ತದೆ, ದೂರವೇ ನಿಲ್ಲಿಸಿ ನಡೆ ಎಂದ. ಲೈಬಾಗೆ ಟೋಪಿ ಹಾಕಿದ್ದೀಯಾ ಎಂದ.

ಆಟಗಾರರ ಹೆಸರು ಕೂಗುವ ಹೊತ್ತಿಗೆ ಅವರು ತಮ್ಮ ಸೀಟು ಸೇರಿದ್ದರು. ಎದುರಾಳಿ ತಂಡದವರ ಹೆಸರುಗಳನ್ನು ಎಂದಿನಂತೆ ಸಪ್ಪೆಯಾಗಿ ಓದಿದರು. ಕ್ಯಾಪ್ಟನ್‌ನ ಹೆಸರು ಬಂದದ್ದೇ ತಡ, ಇಡೀ ಅಂಗಣ ಎದ್ದು ನಿಂತಿತು. ಗುಲ್‌ಶನ್ ಎಲ್ಲರಿಗಿಂತ ಮೊದಲು ಎದ್ದಿದ್ದಳು. ಆದರೆ ಅವಳು ಐದಡಿಗೆ ಎರಡಿಂಚು ಕಮ್ಮಿ. ಮುಂದೆ ದಪ್ಪ ದಪ್ಪ ಕೋಟುಗಳ ಬೆನ್ನು, ಎತ್ತಿದ ಕೈಗಳು. ಇಷ್ಟು ಜಗಳಾಡಿ ಉಳಿಸಿಕೊಂಡ ಆ ಒಂದು ಗಳಿಗೆಯಲ್ಲಿ ಅವಳಿಗೆ ಕಂಡದ್ದು ಯಾರದೋ ಜಾಕೆಟ್ಟಿನ ಜಿಪ್ಪು ಮಾತ್ರ.

ಅವಳು ಹಿಮದ ಬೂಟು ಹಾಕಿದ ಕಾಲಲ್ಲೇ ಸೀಟಿನ ಮೇಲೆ ಹತ್ತಿದಳು.

"ಅಮ್ಮೀ, ಗೆಟ್ ಡೌನ್. ಎವ್ರಿಬಡಿ ಈಸ್ ಲುಕಿಂಗ್," ಎಂದಳು ಲೈಬಾ.

ಅಲ್ಲಿ, ಕೆಳಗೆ, ನೀಲಿ ಜೆರ್ಸಿಯಲ್ಲಿ, ಬೆರಳಷ್ಟು ಎತ್ತರವಾಗಿ ಅವನು ನಿಂತಿದ್ದ. ಗುಲ್‌ಶನ್ ಚಪ್ಪಾಳೆ ತಟ್ಟಿದಳು. ಗಾಜು ಉಜ್ಜಿ ಬಿರುಕುಬಿಟ್ಟ ಅಂಗೈ ಉರಿಯುವವರೆಗೆ ತಟ್ಟಿದಳು. ಮೆಟ್ಟಿಲ ಬಳಿ ನಿಂತಿದ್ದ ಮುದುಕ ಅಟೆಂಡರ್ ಇಳಿಯಿರಿ ಎಂದು ಕೈಸನ್ನೆ ಮಾಡಿದ. ಅವನನ್ನು ನೋಡಿದಳು, ಇಳಿಯಲಿಲ್ಲ. ಸುತ್ತಲಿನವರು ಒಬ್ಬೊಬ್ಬರಾಗಿ ಕೂತರು. ಅವಳೊಬ್ಬಳೇ ಉಳಿದಳು, ಮಡಚುವ ಸೀಟಿನ ಅಂಚಿನಲ್ಲಿ ಓಲಾಡುತ್ತ. ಲೈಬಾ ಮುಖ ಕೆಂಪಗೆ ಮಾಡಿಕೊಂಡು ಬಗ್ಗಿ, ಯಾರ ಕಡೆಗೂ ನೋಡದೆ, ಸೀಟು ಮಡಚಿಕೊಳ್ಳದ ಹಾಗೆ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು.